ಏಳು ಸ್ಪೀಕರ್, ಎರಡು ಕಿವಿ

ಚಿತ್ರಮಂದಿರವನ್ನು ಕೆಡವುವ ದಿನ ನಿಗದಿಯಾಗಿದೆ ಎಂದು ತಿಳಿದದ್ದೇ, ಅಲ್ಲಿ ದುಡಿದವರೊಬ್ಬರ ಮಗಳು ಮಾಲೀಕರ ಕೈಕಾಲು ಹಿಡಿದು ಒಂದು ಮಧ್ಯಾಹ್ನದ ಮಟ್ಟಿಗೆ ಬೀಗದಕೈ ಇಸಿದುಕೊಂಡಳು. ಅವಳ ಅಪ್ಪ ಅಲ್ಲಿ ಮೂವತ್ತೊಂದು ವರ್ಷ ಧ್ವನಿ ನೋಡಿಕೊಂಡವರು. ಯಾವುದಾದರೂ ಸ್ಪೀಕರ್ ಗಂಟಲು ಕೆರೆದುಕೊಂಡರೆ ಟಿಕೆಟ್ ಕೌಂಟರಿನ ಬಳಿಯಿಂದಲೇ "ಹಿಂದೆ, ಎಡಗಡೇದು" ಎನ್ನುತ್ತಿದ್ದರು. ಕೆಲಸದವರು ಕರೆಯುತ್ತಿದ್ದದ್ದೇ ಕಿವಿಯಣ್ಣ ಎಂದು. ಆರು ತಿಂಗಳ ಹಿಂದೆ ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾದ ಮೇಲೆ ಕಾಲು ಸ್ವಾಧೀನ ತಪ್ಪಿ, ಮಗಳ ಮನೆಯ ಒಂದು ಮಂಚ, ಒಂದು ಕಿಟಕಿಯಷ್ಟೇ ಅವರ ಲೋಕವಾಗಿತ್ತು.

ಮಗಳದೂ ಅದೇ ಕಸುಬು, ರೇಡಿಯೊ ನಾಟಕಗಳಿಗೆ ಧ್ವನಿ ಜೋಡಿಸುವುದು. ಹನ್ನೊಂದನೇ ಸಾಲಿನ ನಡುಗುರ್ಚಿಯಲ್ಲಿ ಕೂತು, ಎರಡೂ ಕಿವಿಗಳಲ್ಲಿ ಅಕ್ಕಿಕಾಳಿನಷ್ಟು ಮೈಕ್ ಇಟ್ಟುಕೊಂಡು, ಏಳು ಸ್ಪೀಕರುಗಳಿಂದ ಒಂದೊಂದಾಗಿ ಸದ್ದು ಬಿಟ್ಟು ರೆಕಾರ್ಡಿಗೆ ಹಿಡಿದಳು. ಪ್ರತಿ ಸ್ಪೀಕರೂ ಒಂದೊಂದು ಕಿವಿಗೆ ಒಂದೊಂದು ಥರ ಮುಟ್ಟುತ್ತದೆ. ಹಾಗಾಗಿ ಹದಿನಾಲ್ಕು ಫೈಲು. ಯಾವ ಸಿನಿಮಾದ ಧ್ವನಿಯನ್ನೇ ಆಗಲಿ, ಕನ್ವಲ್ಯೂಷನ್ ಎಂಬ ಲೆಕ್ಕದಲ್ಲಿ ಅವುಗಳೊಡನೆ ಬೆರೆಸಿದರೆ ಮಂಚದಲ್ಲಿರುವ ಅಪ್ಪನಿಗೆ ಹೆಡ್‌ಫೋನಿನೊಳಗೆ ಆ ಮಂದಿರವೇ ಎದ್ದು ನಿಲ್ಲಬೇಕು.

ಬೆರೆಸುವುದಕ್ಕಿಂತ ಸದ್ದಿಗೆ ದಾರಿ ತೋರಿಸುವುದೇ ತಲೆನೋವು. ಯಾವ ಚಾನೆಲ್, ಅಂದರೆ ಯಾವ ಸ್ಪೀಕರಿನ ಪಾಲಿನ ಧ್ವನಿ, ಯಾವ ಫೈಲಿಗೆ, ಅಲ್ಲಿಂದ ಯಾವ ಕಿವಿಗೆ ಎಂದು ಸಾಲುಸಾಲಾಗಿ ಬರೆಯಬೇಕು. ಸಿನಿಮಾ ಹಿಂಬದಿಯ ಚಾನೆಲುಗಳನ್ನು ಮೊದಲು ಎಣಿಸಿದರೆ, ಅವಳ ಸಾಫ್ಟ್‌ವೇರ್ ಪಕ್ಕದವನ್ನು ಮೊದಲು ಎಣಿಸುತ್ತಿತ್ತು. ಸಿನಿಮಾದಲ್ಲಿ ಬೆನ್ನ ಹಿಂದೆ ಮುಚ್ಚಬೇಕಾದ ಬಾಗಿಲು ಕಪಾಳದ ಪಕ್ಕದಲ್ಲೇ ದಬ್ಬೆಂದಿತು. ಸಾಲುಗಳನ್ನು ಅದಲುಬದಲು ಮಾಡಿದಳು. ಎಲ್ಲವೂ ತಂತಮ್ಮ ಜಾಗಕ್ಕೆ ಬಂದವು.

ಭಾನುವಾರ ಬೆಳಿಗ್ಗೆ ಅಪ್ಪನಿಗೆ ಹೆಡ್‌ಫೋನ್ ತೊಡಿಸಿ ಒಂದೊಂದು ಚಾನೆಲಿನಲ್ಲೂ ಒಂದು ಚಪ್ಪಾಳೆ ಕೇಳಿಸಿದಳು.

"ಎಲ್ಲಿಂದ ಬಂತಪ್ಪಾ?"

"ಬಲಗಡೆ... ಅಲ್ವಾ?"

ಬಂದದ್ದು ಎಡಗೋಡೆಯಿಂದ. ಮುಂದಿನದನ್ನು ಹಿಂದೆ ಎಂದರು, ಹಿಂದಿನದನ್ನು ನಡುವೆ ಎಂದರು. ಕಿವಿಯಣ್ಣ ತಪ್ಪು ಹೇಳುವುದುಂಟೇ? ತಪ್ಪು ತನ್ನದೇ ಎಂದುಕೊಂಡಳು. ಮೂರು ದಿನ ಹದಿನಾಲ್ಕು ಸಾಲುಗಳನ್ನೂ ಅಳಿಸಿ ಬರೆದಳು. ಕಿವಿಯ ಆಕಾರ ಬೇರೆಯಾದ್ದರಿಂದ ತನ್ನ ಕಿವಿಯಲ್ಲಿ ಹಿಡಿದದ್ದು ಅವರಿಗೆ ಒಗ್ಗುತ್ತಿಲ್ಲವೇನೋ ಎಂದು ಕನ್ನಡಿಯ ಮುಂದೆಯೂ ನಿಂತಳು. ಅಪ್ಪನದೇ ಪಡಿಯಚ್ಚು ಕಿವಿ.

ನಾಲ್ಕನೇ ದಿನ, ಒಂದೊಂದು ಬದಿಯನ್ನೇ ನೋಡೋಣವೆಂದು, ಎಡಗಿವಿಯ ಸದ್ದನ್ನು ಪೂರಾ ನಿಲ್ಲಿಸಿ ಬಲಗಿವಿಗೆ ಮಾತ್ರ ಒಂದು ರೈಲು ಹಾಯುವ ದೃಶ್ಯ ಹಾಕಿದಳು. ಅಪ್ಪ ಕಿಟಕಿ ನೋಡುತ್ತ ಕೂತಿದ್ದರು. ಒಂದು ನಿಮಿಷವಾಯಿತು.

"ಹಾಕು ಮಗಾ, ಕಾಯ್ತಿದೀನಿ," ಎಂದರು.

ರೈಲು ಅಷ್ಟು ಹೊತ್ತೂ ಓಡುತ್ತಲೇ ಇತ್ತು.

ಅವಳು ಹೆಡ್‌ಫೋನನ್ನು ಬಿಚ್ಚಿ ತಿರುಗಿಸಿ ತೊಡಿಸಿದಳು. "ಹಾಂ, ರೈಲು," ಎಂದು ಅವಳ ಮುಖ ನೋಡಿದರು.

"ಯಾವಾಗಿಂದ ಅಪ್ಪಾ?"

"ಬಿದ್ದಾಗಿಂದ."

"ಹೇಳ್ಬಾರ್ದಿತ್ತಾ?"

"ಕಾಲು ಹೋಯ್ತು ಅಂತ ಊರಿಗೆಲ್ಲ ಹೇಳ್ದೆ, ನಾಚಿಕೆ ಆಗ್ಲಿಲ್ಲ. ಇದನ್ನ ಹೇಳೋಕೆ ಬಾಯೇ ಬರ್ಲಿಲ್ಲ ಕಣೇ. ನೀನು ನೋಡಿದ್ರೆ ಊಟ ಬಿಟ್ಟು ಕೂತಿದ್ದೆ. ಅಂದಾಜಿನ ಮೇಲೆ ಹೊಡೀತಿದ್ದೆ, ಒಂದಾದ್ರೂ ಸರಿಹೋಗ್ಲಿ ಅಂತ."

ಮರುದಿನ ಡಾಕ್ಟರು ಪರೀಕ್ಷೆ ಮಾಡಿ, ಬಲಗಿವಿಯ ನರವೇ ಸತ್ತಿದೆ, ಇನ್ನು ಬರುವುದಿಲ್ಲ ಎಂದರು. ಆದರೂ ಅವಳು ಹಟ ಬಿಡದೆ ಹದಿನಾಲ್ಕು ಫೈಲುಗಳನ್ನೂ ಎಡಗಿವಿಗೇ ತಿರುಗಿಸಿದಳು. ಮೊದಲು ತಾನೇ ಕೇಳಿದಳು. ಎಲ್ಲ ಸದ್ದನ್ನೂ ಒಂದೇ ಮೂಟೆಗೆ ತುರುಕಿದಂತಿತ್ತು. ಎರಡು ಕಿವಿಗಳ ನಡುವಿನ ವ್ಯತ್ಯಾಸದಲ್ಲೇ ಆ ಮಂದಿರ ಇದ್ದದ್ದು. ಒಂದೇ ಕಿವಿಗೆ ಅದನ್ನು ಕಟ್ಟಿಕೊಡುವ ಸಾಲನ್ನು ಯಾರಿಂದಲೂ ಬರೆಯಲಾಗದು. ಕಸುಬು ಬಲ್ಲ ಅವಳಿಗೆ ಅದು ಮೊದಲೇ ಗೊತ್ತಿತ್ತು.

ಅಪ್ಪನೂ ಕೇಳಿದರು. "ಸದ್ದೆಲ್ಲ ಇದೆ. ಜಾಗ ಇಲ್ಲ," ಎಂದರು. ಆಮೇಲೆ ಹೆಡ್‌ಫೋನ್ ಅವಳ ಕೈಗಿಟ್ಟು, "ಮೊದಲಿನ ಥರ ಮಾಡ್ಕೊಂಡು ನೀನು ಕೇಳು. ಎಲ್ಲೆಲ್ಲಿ ಅಂತ ನಂಗೆ ಹೇಳ್ತಾ ಹೋಗು."

ಅವಳು ಕಣ್ಣು ಮುಚ್ಚಿದಳು. "ರೈಲು ಮುಂದೆ ಬಲಗಡೆ ಶುರುವಾಯ್ತು ಅಪ್ಪಾ. ಈಗ ಬಲಗೋಡೆ. ಹಿಂದಕ್ಕೆ ಹೋಗ್ತಿದೆ... ನಮ್ಮ ಬೆನ್ನ ಹಿಂದೆ..."

"ಸಾಕು. ತೆಗಿ."

ಅಪ್ಪ ಎಡಮಗ್ಗುಲಿಗೆ ಹೊರಳಿ, ಕೇಳಿಸುತ್ತಿದ್ದ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರು. ಅವಳು ಎರಡು ಸಲ ಕರೆದಳು. ಅವರು ತಿರುಗಲಿಲ್ಲ.