ಮೂರು ಸಲ ಹೇಳಿದ ‘ಆಗುವುದಿಲ್ಲ’

ಮರದ ತಟ್ಟೆಗಳಿಗೆ ಮೆರುಗು ಕೊಡುವ ಸೋನ್ ಮರದ ರಸ ತೇವದ ಕೋಣೆಯಲ್ಲಿ ಮಾತ್ರ ಒಣಗುತ್ತದೆ. ಒಂದು ತಟ್ಟೆಗೆ ಹತ್ತು ಸಲ ಬಳಿಯಬೇಕು, ಹತ್ತು ಸಲ ಉಜ್ಜಬೇಕು. ನೂರು ದಿನದ ಕೆಲಸ. ಕಸುಬಿನ ಮೂಲಪುರುಷನಿಗೆ ಊದುಬತ್ತಿ ಹಚ್ಚಿ ನಲವತ್ತು ವರ್ಷ ಉಜ್ಜಿದ ಕೈ ನನ್ನದು. ಅವನು ಆತುರಗಾರರನ್ನು ಹರಸಿದ್ದನ್ನು ನಾನು ಕಂಡಿಲ್ಲ.

ಜರ್ಮನಿಯ ವ್ಯಾಪಾರಿ ಬ್ರೂಕ್‌ನರ್ ಹನೋಯಿಯಿಂದ ದುಭಾಷಿ ತೂಕ್‌ಳನ್ನು ಕರೆತಂದ. ಕುರ್ಚಿ ಬಿಸಿಯಾಗುವ ಮೊದಲೇ ಕೇಳಿದ: “ಮುನ್ನೂರು ತಟ್ಟೆ, ಅರವತ್ತು ದಿನ. ಆಗುತ್ತೋ, ಇಲ್ವೋ?”

ಕಾರ್ಖಾನೆಯ ಯಜಮಾನ ನನ್ನ ಮೈದುನ ಖಿಯೆಮ್. ಈ ಕೆಲಸ ಕೈತಪ್ಪಿದರೆ ಆ ವರ್ಷ ನಮಗೆ ಬೇರೆ ಕೆಲಸವಿರಲಿಲ್ಲ. ಅವನು ನಕ್ಕು ಚಹಾ ಸುರಿದ.

“ಈ ಸಲ ಗಾಳಿ ಬಹಳ ಒಣಗಿದೆ.”

ಬ್ರೂಕ್‌ನರ್ ಮತ್ತೆ ಕೇಳಿದ.

“ನಮ್ಮ ಕೆಲಸದವರಿಗೆ ವಯಸ್ಸಾಯ್ತು.”

ಮೂರನೆಯ ಸಲ ಕೇಳಿದಾಗ, “ಪ್ರಯತ್ನ ಮಾಡೋಣ,” ಎಂದ.

ಮೂರು ಸಲವೂ ಆಗುವುದಿಲ್ಲವೆಂದೇ ಹೇಳಿದ್ದೆಂದು ನಮ್ಮ ಕೊಳದ ಬಾತುಕೋಳಿಗೂ ತಿಳಿಯುತ್ತಿತ್ತು. ಬ್ರೂಕ್‌ನರ್ ಮಾತ್ರ ಪುಸ್ತಕದಲ್ಲಿ ‘ಅರವತ್ತು’ ಎಂದು ಬರೆದು ಅಡಿಗೆರೆ ಎಳೆದ.

ಅವನು ಹೋದ ಮೇಲೆ ಕೇಳಿದೆ: “ಆಗಲ್ಲ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತೋ?”

“ಮನೆಗೆ ಬಂದವರಿಗೆ ಮುಖಕ್ಕೆ ಹೊಡೆದಂಗೆ ಹೇಳೋದಾ ಅತ್ತಿಗೆ? ಅವರೇ ಅರ್ಥ ಮಾಡ್ಕೋತಾರೆ.”

“ಹೂಂ, ಕೋಣನ ಮುಂದೆ ಕಿನ್ನರಿ ಬಾರಿಸು.”

ದಿನ ಸಾಲದೆ, ನಾನು ಬೇಡವೆಂದರೂ ಖಿಯೆಮ್ ತಟ್ಟೆಗಳನ್ನು ಕೆಂಡದ ಮುಂದಿಟ್ಟು ಒಣಗಿಸಿದ. ಅರವತ್ತನೆಯ ದಿನ ಬ್ರೂಕ್‌ನರ್ ಒಂದೊಂದೇ ತಟ್ಟೆ ಎತ್ತಿ ನೋಡಿದ. ಎಲ್ಲದರಲ್ಲೂ ಕೂದಲೆಳೆಯ ಬಿರುಕು.

“ಕೆಟ್ಟ ಕೆಲಸ!” ಎಂದು ಕೆಲಸದವರೆಲ್ಲರ ಎದುರೇ ಗುಡುಗಿದ.

ಖಿಯೆಮ್ ನಕ್ಕ. ಅವಮಾನವಾದಾಗ ನಮ್ಮವರು ಹೀಗೇ ನಗುತ್ತಾರೆ.

“ನಗ್ತೀರಾ? ಮುಗೀತು, ಇನ್ನು ನಿಮಗೆ ಕೆಲಸ ಕೊಡಲ್ಲ.” ಬ್ರೂಕ್‌ನರ್ ಟೊಪ್ಪಿಗೆ ಕೈಹಾಕಿದ.

ನಾನು ಎದ್ದು ನಿಂತೆ. “ಅರವತ್ತು ದಿನಕ್ಕೆ ಆಗಲ್ಲ. ಯಾರಿಂದಲೂ ಆಗಲ್ಲ. ನೂರು ಬೇಕು. ಇವನ್ನೆಲ್ಲ ಒಲೆಗೆ ಹಾಕಿ.”

ತೂಕ್ ಬೆವರಿದಳು. “ಹೀಗೇ ಹೇಳ್ಲಾ ಅಜ್ಜಿ?”

“ಬೆಣ್ಣೆ ಹಚ್ಚಬೇಡ, ಹೀಗೇ ಹೇಳು.”

ಅವಳು ಹೇಳಿದ್ದೇ ತಡ, ಬ್ರೂಕ್‌ನರ್ ಮುಖ ಅರಳಿತು. “ಕೊನೆಗೂ! ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಮೂರು ಸಲ ಹೇಳಿದ್ವಿ. ನೀವು ಬರ್ಕೋತಾ ಇದ್ರಿ.”

ಅವನು ‘ನೂರು’ ಎಂದು ಬರೆದು ಅಡಿಗೆರೆ ಎಳೆದು, ಕೈಕುಲುಕಿ ಹೋದ. ಕೆಲಸ ಉಳಿಯಿತು. ಮೈದುನ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ನಾಲ್ಕು ಜನರೆದುರು ಅವನ ಮಾನ ಕಳೆದೆನಂತೆ.

ಊದುಬತ್ತಿ ಹಚ್ಚಿ, ತೇವದ ಕೋಣೆಯ ಬಾಗಿಲಲ್ಲಿ ಕೂತು ಉಜ್ಜುತ್ತಿದ್ದೇನೆ. ಇವನ ಮಾನವಾಗಲಿ, ಅವನ ಪುಸ್ತಕವಾಗಲಿ, ತಟ್ಟೆ ಉಜ್ಜುವುದಕ್ಕಂತೂ ಬಾರದು.