ಪಟಾಕಿಯ ಮೌನ

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಲೆಂದೇ ಹುಟ್ಟಿದಂತಿತ್ತು ಪಟಾಕಿ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಸಾಕು, ಮನೆ ಹಾರಿಹೋಗುವಂತೆ ಬೊಗಳುತ್ತಿತ್ತು. ಒಳಗೆ ಬಂದವರ ಹಿಮ್ಮಡಿಗೆ ಹಲ್ಲು ತಾಗಿಸದೆ ಬಿಡುತ್ತಿರಲಿಲ್ಲ. "ಇನ್ನೊಂದು ತಿಂಗಳು ನೋಡ್ತೀನಿ, ಆಮೇಲೆ ಓನರ್‌ಗೆ ಹೇಳ್ತೀನಿ" ಎಂದು ಮಹಡಿ ಮೇಲಿನ ಟೀಚರ್ ಖಡಾಖಂಡಿತವಾಗಿ ಹೇಳಿ ಹೋದರು.

ಪಟಾಕಿಯನ್ನು ಸಾಕಿದವಳು ಪರದೆ ಹೊಲಿಯುವ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಅವಳಿಗೆ ಮನೆಯಲ್ಲಿದ್ದವರು ಆ ನಾಯಿ ಮತ್ತು ಅಣ್ಣ, ಇಬ್ಬರೇ. ಅಣ್ಣ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ದಿನವೂ ಒಂದು ಗಂಟೆ ಮುಂಚೆ ಎದ್ದು ಅವಳು ಪಟಾಕಿಗೆ ಪಾಠ ಶುರುಮಾಡಿದಳು. ಅಣ್ಣ ಹೊರಗಿನಿಂದ ಬಾಗಿಲು ತಟ್ಟಬೇಕು. ಪಟಾಕಿ ಬೊಗಳುವಷ್ಟು ಹೊತ್ತು ಅವಳು ಕಲ್ಲಿನಂತೆ ಕೂರುವಳು, ಒಂದು ಕ್ಷಣ ಸುಮ್ಮನಾದರೂ "ಜಾಣ!" ಎಂದು ಬ್ರೆಡ್ಡಿನ ಚೂರು ಕೊಡುವಳು. ಹಲ್ಲು ತಾಗಿತೋ, ಆಟ ಅಲ್ಲಿಗೇ ಬಂದ್.

ಮೂರನೇ ವಾರಕ್ಕೆ ಟೀಚರೇ ಬಂದರು. "ಹಗಲೆಲ್ಲ ಸದ್ದೇ ಇಲ್ಲ ಕಣ್ರೀ, ಏನ್ ಮಾಡಿದ್ರಿ?"

"ಎಲ್ಲಾ ನನ್ ತಂಗಿ ಪಾಠ" ಎಂದ ಅಣ್ಣ.

ಅವಳು ಉಬ್ಬಿಹೋದಳು. ಅಂಗಡಿಯಲ್ಲಿ ಯಾರು ಸಿಕ್ಕರೂ ಇದೇ ಮಾತು. ಪಟಾಕಿಯ ಮೂತಿಯ ಮೇಲೆ ಕೂದಲು ಸವೆದು ಗೆರೆ ಬಿದ್ದಿತ್ತು. "ಚಾಪೆಗೆ ಉಜ್ಜಿಕೊಂಡಿರ್ಬೇಕು" ಎಂದ ಅಣ್ಣ. ಅದನ್ನೂ ನಂಬಿದಳು.

ಒಂದು ದಿನ ಕರೆಂಟ್ ಹೋಗಿ ಅಂಗಡಿಯ ಮಷೀನುಗಳೆಲ್ಲ ನಿಂತವು. ಮಧ್ಯಾಹ್ನವೇ ಮನೆಗೆ ಬಂದಳು. ಪೇಪರ್ ಓದುತ್ತಿದ್ದ ಅಣ್ಣ ದಡಬಡಿಸಿ ಎದ್ದ. ಬಚ್ಚಲಮನೆಗೆ ಹೊರಗಿನಿಂದ ಚಿಲಕ. ತೆಗೆದರೆ, ಒದ್ದೆ ನೆಲದ ಮೂಲೆಯಲ್ಲಿ ಪಟಾಕಿ ಮುದುಡಿ ಕೂತಿತ್ತು. ಬಾಯಿಗೆ ಮೂರು ಸುತ್ತು ಬಿಗಿದದ್ದು ಅವಳೇ ಅಂಗಡಿಯಿಂದ ತಂದಿಟ್ಟಿದ್ದ ಬಟ್ಟೆಯ ಪಟ್ಟಿ.

"ದಿನಾ ಹೀಗೇನಾ?"

"ನೀನು ಬರೋ ಮುಂಚೆ ಬಿಚ್ತಿದ್ದೆ. ನಿನ್ನ ಬ್ರೆಡ್ಡಿಂದ ಆಗೋ ಕೆಲ್ಸಾನೇನೇ ಇದು?"

"ಹಾಗಂತ ನನಗೆ ಹೇಳ್ಬೋದಿತ್ತು. ಬಂದವರ ಮುಂದೆಲ್ಲ ಹೊಗಳಿದ್ಯಲ್ಲ ಅಣ್ಣ!"

"ನೀನು ಅಷ್ಟು ಖುಷಿಯಾಗಿದ್ದೆ... ಹೇಗೆ ಹೇಳ್ಲಿ?"

ಅವಳು ಗಂಟು ಬಿಚ್ಚಿದಳು. ಪಟಾಕಿ ಬೊಗಳಲಿಲ್ಲ. ನೇವರಿಸಲು ಕೈಯೆತ್ತಿದರೆ ಕಣ್ಣು ಮುಚ್ಚಿ ಮೂತಿ ಮುಂದೆ ಚಾಚಿತು, ಮತ್ತೆ ಕಟ್ಟಿಸಿಕೊಳ್ಳಲು ಸಿದ್ಧವೆಂಬಂತೆ.

ಸಂಜೆಯೇ ಮಹಡಿ ಹತ್ತಿ ಟೀಚರ್‌ಗೆ ನಿಜ ಹೇಳಿ, ಇನ್ನೆರಡು ತಿಂಗಳು ಸಹಿಸಿಕೊಳ್ಳಿ ಎಂದು ಕೇಳಿಕೊಂಡಳು. ಮರುದಿನದಿಂದ ಪಟಾಕಿಯನ್ನು ಅಂಗಡಿಗೇ ಕರೆದೊಯ್ದಳು. ಯಜಮಾನಿ ಗೊಣಗಿದರೂ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಜಾಗ ಬಿಟ್ಟುಕೊಟ್ಟಳು.

ಅಣ್ಣನನ್ನು ಹೊರಗೆ ಹಾಕಲಿಲ್ಲ, ಒಡಹುಟ್ಟಿದವನು. ಆದರೆ ಅಂದಿನಿಂದ ಅವನು "ಊಟ ಆಯ್ತು" ಎಂದರೂ ಅವಳು ಒಳಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಳು.