ಸುಂದರಮ್ಮನವರ ಪುಟ

ಬೋಗಾದಿಯ ಆರೋಗ್ಯ ಸಂಶೋಧನಾ ಕೇಂದ್ರದಿಂದ ಬಂದ ಲಕೋಟೆಯನ್ನು ಅನಂತಪದ್ಮನಾಭ ರಾಯರು ಬೆಳಗಿನ ಪೂಜೆ ಮುಗಿಸಿದ ಮೇಲೆಯೇ ಒಡೆದರು. ಒಳಗೆ ಎರಡು ಹಾಳೆಗಳಿದ್ದುವು. ಒಂದು ಕಾಗದ, ಇನ್ನೊಂದು ಅಚ್ಚಿಗೆ ಹೋಗಬೇಕಾದ ಪುಟದ ಕರಡು. ಕರಡಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ "ಶ್ರೀಮತಿ ಸುಂದರಮ್ಮ, ಮೈಸೂರು" ಎಂದಿತ್ತು. ಹೆಂಡತಿ ತೀರಿಕೊಂಡು ಆಗ ಐದು ತಿಂಗಳು. ಆ ಹೆಸರನ್ನು ಅಚ್ಚಿನಲ್ಲಿ ಕಂಡಾಗ ರಾಯರಿಗೆ ಮೊದಲು ಆದದ್ದು ಸಂತೋಷವೇ. ಮದುವೆಯ ಲಗ್ನಪತ್ರಿಕೆ ಮತ್ತು ವೈಕುಂಠ ಸಮಾರಾಧನೆಯ ಕಾಗದ, ಇವೆರಡರಲ್ಲಿ ಬಿಟ್ಟರೆ ಅವಳ ಹೆಸರು ಎಲ್ಲಿಯೂ ಅಚ್ಚಾಗಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕೆಳಗಿನದನ್ನು ಓದಿದರು.

"ಸಕ್ಕರೆ ಕಾಯಿಲೆ ಬಂದು ಹತ್ತೊಂಬತ್ತು ವರ್ಷಗಳಾದುವು. ಔಷಧ, ಆಹಾರ, ನಿತ್ಯಕರ್ಮಗಳಲ್ಲಿ ಯಾವ ಲೋಪವೂ ಇಲ್ಲ. ಪಾದಗಳಲ್ಲಿ ಅಲ್ಪಸ್ವಲ್ಪ ಜೋಮು ಇರುವುದಾದರೂ ವಿಶೇಷವಾಗಿ ಹೇಳತಕ್ಕದ್ದೇನೂ ಇಲ್ಲ. ಭಗವಂತನ ಕೃಪೆಯಿಂದ ನೆಮ್ಮದಿಯಾಗಿದ್ದೇನೆ."

ಓದುತ್ತ ಓದುತ್ತ ಸಂತೋಷ ಇಳಿದುಹೋಯಿತು. ಅದರಲ್ಲಿ ಸುಂದರಮ್ಮನವರ ಮಾತು ಒಂದೂ ಇರಲಿಲ್ಲ. ಎಲ್ಲವೂ ರಾಯರದೇ.

ಕಾಗದದಲ್ಲಿ ಬರೆದಿದ್ದುದು ಇಷ್ಟು: ಸಕ್ಕರೆ ಕಾಯಿಲೆಯೊಡನೆ ವರ್ಷಗಟ್ಟಲೆ ಬದುಕುವವರ ಸ್ವಂತ ಮಾತುಗಳನ್ನು ಸೇರಿಸಿ ಒಂದು ಪುಸ್ತಿಕೆ ಆಗುತ್ತಿದೆ. ಅದನ್ನು ಜಿಲ್ಲೆಯ ಎಲ್ಲ ಆರೋಗ್ಯ ಕೇಂದ್ರಗಳಲ್ಲಿ ಹೊಸ ರೋಗಿಗಳಿಗೆ ಕೊಡುತ್ತಾರೆ. ಸುಂದರಮ್ಮನವರ ನೆನಪಿಗೆ ಅವರದೂ ಒಂದು ಪುಟ ಇರಬೇಕೆಂದು ಎಲ್ಲರ ಆಸೆ. ಗುರುವಾರ ರೋಗಿಗಳ ಸಮಿತಿ ಕೊನೆಯ ಸಲ ಸೇರುತ್ತದೆ. ಮನೆಯವರ ಒಪ್ಪಿಗೆ ಇದ್ದರೆ ರುಜು ಹಾಕಿ ತರಬೇಕು. ಕೆಳಗೆ ಗಗನ ಎಂದು ಸಹಿ.

ಹಿಂದಿನ ವರ್ಷ ಕೃಷ್ಣಮೂರ್ತಿಪುರದ ರಾಯರ ಮನೆಗೆ ಬಂದು ಸುಂದರಮ್ಮನವರನ್ನು ಆ ಸಮಿತಿಗೆ ಕರೆದವಳೂ ಈ ಗಗನಳೇ. ಡಾಕ್ಟರ್ ಓದಿದ್ದರೂ ಬಿಂಕವಿಲ್ಲದ ಹುಡುಗಿ. ಚಾಪೆಯ ಮೇಲೆ ಕುಳಿತು ಹೇಳಿದ್ದಳು:

"ಈ ಕಾಯಿಲೆ ಬಗ್ಗೆ ಡಾಕ್ಟರ್‌ಗಳು ಬರೆದಿರೋದು ಬೇಕಾದಷ್ಟಿದೆ ಅಮ್ಮ. ಇದನ್ನ ಇಟ್ಕೊಂಡು ದಿನಾ ಬದುಕೋರು ಏನು ಅಂತಾರೆ ಅನ್ನೋದೇ ನಮಗೆ ಗೊತ್ತಿಲ್ಲ. ನಾವು ಜನರನ್ನ ಏನು ಕೇಳ್ಬೇಕು ಅಂತ ನೀವು ನಮ್ಮ ಜೊತೆ ಕೂತು ಹೇಳ್ಕೊಡ್ಬೇಕು."

ಸುಂದರಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಏನೂಂದ್ರೆ, ಕೇಳಿದ್ರಾ? ನನ್ನನ್ನ ಕೇಳ್ತಾರಂತೆ!"

"ಕೇಳಲಿ, ಕೇಳಲಿ. ಹುಳಿಗೆ ಒಗ್ಗರಣೆ ಯಾವಾಗ ಹಾಕ್ಬೇಕು ಅಂತ ಹೇಳ್ಕೊಟ್ಟು ಬಾ" ಎಂದರು ರಾಯರು. ಮೂವರೂ ನಕ್ಕರು. ಆ ನಗುವಿನಲ್ಲಿ ತಾವು ಹೆಂಡತಿಯ ಮಾತನ್ನೇ ಹಗುರ ಮಾಡಿ ನಕ್ಕದ್ದು ಎಂಬುದು ರಾಯರಿಗೆ ಆಗ ತಿಳಿಯಲಿಲ್ಲ.

ಸಮಿತಿಯವರಿಗೆಲ್ಲ ಒಂದೊಂದು ನೋಟ್‌ಬುಕ್ ಕೊಟ್ಟಿದ್ದರು. ಕಾಯಿಲೆಯಿಂದ ಆ ದಿನ ಏನೇನಾಯಿತು, ಏನನ್ನಿಸಿತು ಎಂಬುದನ್ನು ಬರೆಯಬೇಕು. ಬರೆಯಲಾರದವರಿಗೆ ಮನೆಯವರು ಬರೆದುಕೊಡಬಹುದು, ಆದರೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು ಎಂದು ಗಗನ ಎರಡೆರಡು ಸಲ ಹೇಳಿದ್ದಳು. ಸುಂದರಮ್ಮನವರಿಗೆ ಕಣ್ಣು ಮಂಜಾಗಿತ್ತು. ಲೇಖನಿ ಹಿಡಿದವರು ರಾಯರು.

ರಾಯರ ಅಜ್ಜ ಅರಮನೆಯ ಕಚೇರಿಯಲ್ಲಿ ಅರ್ಜಿಗಳ ಶುದ್ಧಪ್ರತಿ ಮಾಡುತ್ತಿದ್ದವರು. ರಾಯರೂ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹಳ್ಳಿಯವರು ಬಂದು ಅತ್ತು ಕರೆದು ಹೇಳಿದ್ದನ್ನು ನಾಲ್ಕು ಸಾಲಿಗೆ ಇಳಿಸಿ ಮೇಲಧಿಕಾರಿಗೆ ಕಳುಹಿಸುವುದೇ ಅವರ ಕಸುಬಾಗಿತ್ತು. ಅಳುವನ್ನು ತೆಗೆದು ಸಂಗತಿಯನ್ನು ಉಳಿಸುವುದು ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹೆಂಡತಿಯ ಮಾತಿಗೂ ಹಾಗೆಯೇ ಮಾಡಿದರು. ಅಳುವಿನ ಜೊತೆಗೆ ಸಂಗತಿಯೂ ಹೋಗುತ್ತಿತ್ತೆಂಬುದು ಹೊಳೆಯಲಿಲ್ಲ.

ತಿಂಡಿಯಾದ ಮೇಲೆ ಜಗುಲಿಯಲ್ಲಿ ಕುಳಿತು ಸುಂದರಮ್ಮನವರು ಹೇಳುವರು, ರಾಯರು ಬರೆಯುವರು.

"ಬಚ್ಚಲಲ್ಲಿ ಕಾಲಿಗೆ ನೀರು ಹೊಯ್ಕೊಂಡ್ರೆ ಬಿಸಿಯೋ ತಣ್ಣಗೋ ಗೊತ್ತಾಗಲ್ಲ ಅಂತ ಬರೀರಿ. ಇವು ನನ್ನ ಕಾಲೇ ಅಲ್ಲ, ಯಾರದೋ ಕಾಲು ಎರವಲು ತಂದು ನಡೀತಿದೀನೇನೋ ಅನ್ನಿಸುತ್ತೆ ಅಂತ ಬರೀರಿ."

"ಎರವಲು ತರೋಕೆ ಕಾಲೇನು ಒನಕೆಯೇನೇ? ನಾಲ್ಕು ಜನ ಓದೋ ಕಾಗದದಲ್ಲಿ ಹೀಗೆಲ್ಲ ಬರೆಯೋದಾ?"

"ನಾಲ್ಕು ಜನ ಅಲ್ಲಾರೀ, ಆ ಹುಡುಗಿ ಓದೋದು."

"ಹುಡುಗಿ ಮೇಲೆ ದೊಡ್ಡೋರಿರ್ತಾರೆ. ನೀನು ಹೇಳೋದನ್ನ ನಾನು ನೀಟಾಗಿ ಬರೀತೀನಿ ಬಿಡು."

ಬರೆದದ್ದು "ಅಲ್ಪಸ್ವಲ್ಪ ಜೋಮು" ಎಂದು. ಸಮಿತಿಯ ಸಭೆಗಳಲ್ಲಿಯೂ ಹೀಗೆಯೇ. ಸುಂದರಮ್ಮನವರು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಕುಳಿತ ರಾಯರು, "ಅಂದರೆ ಅವಳು ಹೇಳೋದೇನೂ ಅಂದ್ರೆ" ಎಂದು ಆರಂಭಿಸಿ ಮುಗಿಸಿಬಿಡುವರು. ಎರಡು ಮೂರು ಸಭೆ ಕಳೆದ ಮೇಲೆ ಸುಂದರಮ್ಮನವರು ತಾವಾಗಿ ಬಾಯಿ ತೆರೆಯುವುದನ್ನು ಬಿಟ್ಟರು. ಹೇಳಬೇಕಾದದ್ದನ್ನೆಲ್ಲ ಹೇಳಿಯಾಯಿತೆಂದು ರಾಯರು ತಿಳಿದರು.

ಆ ಫಾಲ್ಗುಣದಲ್ಲಿ ಹರಕೆಯ ಮಾತು ಬಂತು. ರಾಯರ ಕಣ್ಣಿನ ಪೊರೆ ತೆಗೆಯುವಾಗ ಎಲ್ಲ ಸುಸೂತ್ರವಾದರೆ ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತಿ ಬರುತ್ತೇನೆಂದು ಸುಂದರಮ್ಮನವರು ಹೇಳಿಕೊಂಡಿದ್ದರು. ಊರಿನ ಹೆಂಗಸರಿಗೆ ಅದು ಹೊಸ ಹರಕೆಯೇನಲ್ಲ. ಹೋಗುವುದಕ್ಕೆ ವಾರವಿರುವಾಗ ಜಗುಲಿಯಲ್ಲಿ ಹೇಳಿದರು:

"ಬರುವ ಶುಕ್ರವಾರ ಮೆಟ್ಟಿಲು ಹತ್ತಬೇಕು. ನನ್ನ ಕಾಲು ಹೀಗಿರೋವಾಗ ಬರಿಗಾಲಲ್ಲಿ ಹತ್ತಬಹುದೋ, ಬಟ್ಟೆ ಗಿಟ್ಟೆ ಸುತ್ಕೋಬೇಕೋ, ಆ ಹುಡುಗಿಗೆ ಒಂದು ಮಾತು ಬರೆದು ಕೇಳಿ."

ರಾಯರಿಗೆ ಸಿಟ್ಟು ಬಂದಿತು. ದೇವಿಯ ಸೇವೆಯನ್ನು ರೋಗದ ಪುಸ್ತಕದಲ್ಲಿ ಬರೆಯುವುದೇ ಎಂದು ಅವರಿಗೆ ಅಸಹ್ಯವಾಯಿತು.

"ತಾಯಿ ಹತ್ತಿರ ಹೋಗೋಕೂ ಡಾಕ್ಟರ್ ಅಪ್ಪಣೆ ಬೇಕೇನೇ ನಿನಗೆ? ಅಷ್ಟು ನಂಬಿಕೆ ಇಲ್ದಿದ್ರೆ ಹರಕೆ ಯಾಕೆ ಹೊರಬೇಕಿತ್ತು?"

ಸುಂದರಮ್ಮನವರು ಮತ್ತೆ ಕೇಳಲಿಲ್ಲ.

ಶುಕ್ರವಾರ ರಾಯರು ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ಮೇಲೆ ಕಾದರು. ಹೆಂಡತಿ ಬರಿಗಾಲಲ್ಲಿ ಬಗ್ಗಿ ಎದ್ದು, ಬಗ್ಗಿ ಎದ್ದು ಸಾವಿರ ಮೆಟ್ಟಿಲು ಮುಗಿಸುವಷ್ಟರಲ್ಲಿ ಬಿಸಿಲು ಏರಿ ಕಲ್ಲು ಕಾದಿತ್ತು. ಸುಂದರಮ್ಮನವರ ಮುಖದಲ್ಲಿ ಎಂಥ ಕಳೆ ಇತ್ತೆಂದರೆ, ಅದನ್ನು ನೆನೆದರೆ ರಾಯರಿಗೆ ಇವತ್ತಿಗೂ ಅನ್ನ ಇಳಿಯುವುದಿಲ್ಲ. ಮನೆಗೆ ಬಂದು ಒಳಗೆ ನಡೆದಾಗ ನೆಲದ ಮೇಲೆ ಕೆಂಪು ಹೆಜ್ಜೆ ಮೂಡಿತು. ಕುಂಕುಮ ಮೆಟ್ಟಿದ್ದಾಳೆ ಎಂದುಕೊಂಡ ರಾಯರು, "ಮನೆಗೆ ಲಕ್ಷ್ಮಿ ಬಂದ ಹಾಗಿದೆ ಕಣೇ" ಎಂದು ನಕ್ಕರು. ಸುಂದರಮ್ಮನವರೂ ನಕ್ಕು ಒದ್ದೆ ಬಟ್ಟೆ ತಂದು ತಾವೇ ಒರೆಸಿದರು. ಅದು ಕುಂಕುಮವಲ್ಲವೆಂಬುದು ಮೂರನೆಯ ದಿನ ಹಾಸಿಗೆಯ ಮೇಲೆ ಕೀವು ಕಂಡಾಗ ತಿಳಿಯಿತು. ಅಂಗಾಲಿನ ಬೊಬ್ಬೆ ಒಡೆದು, ಒಳಗೊಂದು ಕಲ್ಲಿನ ಚೂರು ಸೇರಿ, ಅಷ್ಟರಲ್ಲಾಗಲೇ ಪಾದ ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಮೊದಲು ಒಂದು ಬೆರಳು ತೆಗೆದರು, ಆಮೇಲೆ ಪಾದ ತೆಗೆದರು. ನಂಜು ರಕ್ತಕ್ಕೆ ಏರಿತ್ತು. ಚೈತ್ರ ಮುಗಿಯುವುದರೊಳಗೆ ಸುಂದರಮ್ಮನವರು ಹೋದರು. ಗಗನ ಫೋನು ಮಾಡಿದಾಗ ರಾಯರು "ಜ್ವರ ಬಂದು ಹೋದಳಮ್ಮ" ಎಂದಷ್ಟೇ ಹೇಳಿದರು. ಅದೂ ಶುದ್ಧಪ್ರತಿಯೇ.

ರಾಯರು ದೇವಿಯನ್ನು ದೂರಲಿಲ್ಲ. ಅವಳು ಬರಿಗಾಲಲ್ಲೇ ಬಾ ಎಂದವಳಲ್ಲ. ಹಾಗೆ ಕಳುಹಿಸಿದವರು ಯಾರೆಂಬುದು ರಾಯರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಕೈಯಲ್ಲಿ ಈ ಪುಟ. ರುಜು ಹಾಕಿದರೆ ಹೆಂಡತಿಯ ಹೆಸರು ಉಳಿಯುತ್ತದೆ. ಆದರೆ "ವಿಶೇಷವಾಗಿ ಹೇಳತಕ್ಕದ್ದೇನೂ ಇಲ್ಲ" ಎಂಬುದನ್ನು ಜಿಲ್ಲೆಯ ಎಷ್ಟು ಮನೆಗಳಲ್ಲಿ ಓದುತ್ತಾರೋ. ಓದಿ, ತಮ್ಮ ಜೋಮುಗಾಲನ್ನು ನೋಡಿಕೊಂಡು, ಸದ್ಯ ಏನೂ ಇಲ್ಲವಂತೆ ಎಂದು ಸುಮ್ಮನಾಗುತ್ತಾರೆ. ನಿಜ ಹೇಳಿಬಿಟ್ಟರೆ ಪುಟದ ಜೊತೆಗೆ ಹೆಸರೂ ಹೋಗುತ್ತದೆ. ಮೂರು ದಿನ ಅವರು ಆ ಹಾಳೆಯನ್ನು ದೇವರ ಮುಂದೆ ಇಡುತ್ತ, ತೆಗೆಯುತ್ತ ಇದ್ದರು.

ಗುರುವಾರ ಮಗ ಪ್ರದ್ಯುಮ್ನ ಸ್ಕೂಟರಿನಲ್ಲಿ ತಂದು ಬಿಟ್ಟುಹೋದ. ಕೇಂದ್ರದ ಹಾಲಿನಲ್ಲಿ ಏಳೆಂಟು ಜನ ಇದ್ದರು. ಬೋಗಾದಿಯವಳೇ ಆದ ಹೂವಿನ ಬಸವಮ್ಮ, ಸಿಟಿ ಬಸ್ಸಿನ ಡ್ರೈವರಾಗಿದ್ದ ನಿಂಗಯ್ಯ, ಇವರಿಬ್ಬರ ಪರಿಚಯ ರಾಯರಿಗಿತ್ತು. ಕಾಫಿ ಬಂತು.

"ಸಕ್ಕರೆ ಇಲ್ದ ಈ ಕಾಫಿ ಕುಡಿಯೋ ಬದ್ಲು ರೇಡಿಯೇಟರ್ ನೀರು ಕುಡೀಬೋದು ಕಣಮ್ಮ" ಎಂದ ನಿಂಗಯ್ಯ.

"ಕುಡಿ ಮತ್ತೆ, ಯಾರ್ ಬ್ಯಾಡ ಅಂದೋರು?" ಎಂದಳು ಬಸವಮ್ಮ.

ಪುಟಗಳನ್ನು ಒಂದೊಂದಾಗಿ ಓದಿದ ಗಗನ ಸುಂದರಮ್ಮನವರ ಪುಟಕ್ಕೆ ಬಂದಾಗ ದನಿ ತಗ್ಗಿಸಿದಳು. ಓದಿ ಮುಗಿಸಿ, "ರುಜು ಹಾಕಿ ತಂದಿದ್ದೀರಾ ಸರ್?" ಎಂದಳು.

"ಇಲ್ಲ ತಾಯಿ. ಇದು ಅವಳ ಮಾತಲ್ಲ. ನಾನು ಬರೆದದ್ದು."

"ಗೊತ್ತಲ್ಲ ಸರ್. ಅಮ್ಮ ಹೇಳ್ತಿದ್ರು, ನೀವು ಬರೀತಿದ್ರಿ."

"ಹಾಗಲ್ಲ. ಅವಳು ಹೇಳಿದ್ದನ್ನ ಬಿಟ್ಟು ಬರೆದದ್ದು."

ಆಮೇಲೆ ಎಲ್ಲವನ್ನೂ ಹೇಳಿದರು. ಬಚ್ಚಲ ನೀರು, ನೆಲದ ಮೇಲಿನ ಹೆಜ್ಜೆ, ಆಸ್ಪತ್ರೆ. ಹರಕೆಗೆ ಮುಂಚೆ ಅವಳು ಕೇಳಿದ್ದನ್ನೂ ತಾವು ಅಂದದ್ದನ್ನೂ ಮಾತ್ರ ಬಿಟ್ಟರು. ಗಗನ ಕೈಯಲ್ಲಿದ್ದ ಹಾಳೆಯನ್ನು ಕೆಳಗಿಟ್ಟಳು.

"ನಾನು ಪ್ರತಿ ತಿಂಗಳೂ ನೋಟ್‌ಬುಕ್ ಓದ್ತಿದ್ದೆ ಸರ್. ಬಿಸಿ ಗೊತ್ತಾಗಲ್ಲ ಅಂತ ಒಂದು ಮಾತಿದ್ದಿದ್ರೆ ಅವತ್ತೇ ಕರೆಸಿ ಕಾಲು ನೋಡ್ತಿದ್ವಿ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂತ ನಾನೂ ಪುಟ ತಿರುಗಿಸ್ಬಿಟ್ಟೆ."

ಬಸವಮ್ಮ ಲೋಟ ಬದಿಗಿಟ್ಟು ರಾಯರ ಕಡೆ ತಿರುಗಿದಳು. "ನಂಗೆ ಯೋಳಿದ್ರು ಸ್ವಾಮಿ ಅಮ್ಮಾವ್ರು. ಇಲ್ಲಿ ಬಾಯಿ ಬುಡೋ ಹೊತ್ಗೆ ನೀವು ಮುಗಿಸ್ಬುಡ್ತಿದ್ರಿ. ಈಚೆ ನಲ್ಲಿ ತಾವ ನಿಂತ್ಕಂಡು ಯೋಳೋರು. ಮೆಟ್ಲು ಅತ್ತೋದು ಎಂಗೆ ಬಸವಮ್ಮ, ಭಯ ಆಗ್ತದೆ ಅಂದ್ರು. ಡಾಕ್ಟ್ರಮ್ಮನ್ನ ಕೇಳಿ ಅಂದೆ. ಅವ್ರ ಕೈಲಿ ಬರೆಸ್ತೀನಿ ಅಂದ್ರು. ನಿಮ್ಮನ್ನ ಕೇಳಿದ್ರಾ?"

"ಕೇಳಿದಳು."

"ನೀವೇನಂದ್ರಿ?"

ರಾಯರು ತಾವು ಅಂದದ್ದನ್ನು ಅಂದ ಹಾಗೆಯೇ ಹೇಳಿದರು. ಒಂದಕ್ಷರವನ್ನೂ ತಿದ್ದಲಿಲ್ಲ.

"ಕಾಲ್ಗೆ ಬಟ್ಟೆ ಸುತ್ಕಂಡ್ರೆ ಆ ಬೆಟ್ಟದ ತಾಯಿ ಬ್ಯಾಡ ಅಂತಿದ್ಲಾ ಸ್ವಾಮಿ?" ಎಂದಳು ಬಸವಮ್ಮ. "ಅವ್ಳೂ ಎಣ್ಣಲ್ವಾ?"

ರಾಯರು ಗಗನಳ ಕಡೆ ತಿರುಗಿ ಕೇಳಿದರು: "ಈಗ ಬಸವಮ್ಮ ಹೇಳಿದ್ದನ್ನ ಆ ಪುಟದಲ್ಲಿ ಹಾಕಬಹುದೇನಮ್ಮ? ಹೆಸರು ಉಳಿಯುತ್ತೆ."

"ಬರಲ್ಲ ಸರ್. ಯಾರ ಹೆಸರಲ್ಲಿ ಹಾಕ್ತೀವೋ ಅವರೇ ನೋಡಿ ಒಪ್ಪಿರ್ಬೇಕು. ಅಮ್ಮ ಈಗ ಒಪ್ಪೋ ಹಾಗಿಲ್ಲವಲ್ಲ." ಅವಳ ಕಣ್ಣೂ ತುಂಬಿತ್ತು. ಪುಟವನ್ನು ಕಟ್ಟಿನಿಂದ ತೆಗೆದು ಮಡಿಸಿ ರಾಯರ ಕೈಗೆ ಕೊಟ್ಟಳು. "ಆದ್ರೆ ಅವರು ಕೇಳ್ಬೇಕು ಅಂತಿದ್ದ ಪ್ರಶ್ನೆ ಇದೆಯಲ್ಲ, ಅದನ್ನ ನಾವು ಊರೂರಲ್ಲಿ ಕೇಳೋ ಪ್ರಶ್ನೆಗಳ ಜೊತೆ ಸೇರಿಸೋಣ. ಪ್ರಶ್ನೆಗಳಿಗೆ ಯಾರ ಹೆಸರೂ ಇರಲ್ಲ ಸರ್."

"ಹೆಸರು ಬೇಡ. ಪ್ರಶ್ನೆ ಇದ್ದರೆ ಸಾಕು" ಎಂದರು ರಾಯರು. ಸಾಕು ಎಂದರೂ ಮನಸ್ಸಿಗೆ ಸಾಕಾಗಲಿಲ್ಲ.

ಗಗನ ಬೋರ್ಡಿನ ಮೇಲೆ ಬರೆದಳು: ದೇವಸ್ಥಾನಕ್ಕೆ, ಹರಕೆಗೆ, ಹೊಲಕ್ಕೆ, ಎಲ್ಲೆಲ್ಲಿಗೆ ಬರಿಗಾಲಲ್ಲಿ ಹೋಗುತ್ತೀರಿ? ಕಾಲಿಗೆ ಬಿಸಿ, ನೋವು ತಿಳಿಯುತ್ತದೆಯೇ? ಜನ ಹೇಗೆ ಉತ್ತರ ಕೊಡುತ್ತಾರೆಂದು ನೋಡುವುದಕ್ಕೆ ಅಲ್ಲಿದ್ದವರನ್ನೇ ಕೇಳಿದಳು. ಮೊದಲು ಬಾಯಿ ತೆರೆದವನು ನಿಂಗಯ್ಯ. ಅಷ್ಟು ದಿನದ ಸಭೆಗಳಲ್ಲಿ ತಮಾಷೆ ಬಿಟ್ಟು ಬೇರೆ ಮಾತನಾಡಿದವನಲ್ಲ ಅವನು.

"ನಂಗೂ ಬಲಗಾಲು ಗೊತ್ತಾಗಲ್ಲ ಮೇಡಂ. ಬ್ರೇಕ್ ಒತ್ತಿದ್ದೀನೋ ಇಲ್ವೋ ಅಂತ ಬಗ್ಗಿ ಕಣ್ಣಲ್ಲಿ ನೋಡ್ಬೇಕಾಯ್ತಿತ್ತು. ಒಂದಿನ ಅಗ್ರಹಾರ ಸರ್ಕಲ್ ತಾವ ಒಂದ್ ಮಗೀನ ಮುಂದೆ ಒಂದ್ ಗೇಣ್ ದೂರದಲ್ಲಿ ನಿಂತ್ಕತು ಗಾಡಿ. ಅವತ್ತೇ ಕೆಲ್ಸ ಬುಟ್ಟೆ. ಮನೇಲಿ ಬ್ಯಾಸರ ಆಯ್ತು ಅದ್ಕೇ ಬುಟ್ಟೆ ಅಂದಿದ್ದೀನಿ. ಇವತ್ಗೂ ನಮ್ಮೋಳ್ಗೆ ಯೋಳಿಲ್ಲ." ಅಷ್ಟು ಹೇಳಿ ಅವನಿಗೆ ನಾಚಿಕೆಯಾಯಿತು. ಎಲ್ಲರ ಮುಖವನ್ನೂ ನೋಡಿ, "ಇದೆಲ್ಲ ಯಾಕೆ, ಸಾಕು ಬುಡಿ" ಎಂದ.

"ಸಾಲದು ನಿಂಗಯ್ಯನವರೇ, ಹೇಳಿ" ಎಂದರು ರಾಯರು. "ನಾನು ಕೇಳ್ತಿದ್ದೀನಿ."

ನಿಂಗಯ್ಯ ಮುಂದುವರಿಸಿದ. ರಾಯರು ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೇಳಿದರು. ನಲವತ್ತಾರು ವರ್ಷದ ಸಂಸಾರದಲ್ಲಿ ಹೇಳು, ನಾನು ಕೇಳ್ತಿದ್ದೀನಿ ಎಂಬ ಆ ಮಾತನ್ನು ಅವರು ಸುಂದರಮ್ಮನವರಿಗೆ ಒಂದು ದಿನವೂ ಹೇಳಿರಲಿಲ್ಲ.